ಕಲ್ಲಮ್ಮ ಕೋಂ ಬೆನಕಪ್ಪ

ಎಂಟನೆಯ ರೊಟ್ಟಿಯನ್ನು ಹೆಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಅದರ ಮೈ ಸವರುತ್ತಿದ್ದಾಗ ಅಂಗಳದಿಂದ ಬೆನಕಪ್ಪ ಕೂಗಿದ: “ಏ ಇವಳೇ, ಒಂದು ಪೆನ್ಸಿಲ್ ತಗಂಡು ಬಾ ಇತ್ಲಾಗೆ.” ರುದ್ರಾಣಿ ಓಗೊಡಲಿಲ್ಲ. ರೊಟ್ಟಿ ಮಗುಚಿ, ಅಂಚು ಒತ್ತಿ, ಅದು ಉಬ್ಬುವುದನ್ನು ನೋಡುತ್ತ ಕೂತಳು. ಮದುವೆಯಾದ ಎಂಟು ವರ್ಷದಲ್ಲಿ ಗಂಡ ತನ್ನನ್ನು ಹೆಸರು ಹಿಡಿದು ಕರೆದದ್ದನ್ನು ಅವಳು ಒಂದು ಕೈಯ ಬೆರಳಲ್ಲಿ ಎಣಿಸಬಲ್ಲಳು. ಅದರಲ್ಲಿ ಎರಡು ಸಲ ಅವಳ ತವರು ಜಗಳೂರಿನಲ್ಲಿ, ಅವಳ ಅಪ್ಪನ ಎದುರಿಗೆ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಗಂಡಸರು ನ್ಯಾಮತಿಯ ಈ ಬೀದಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅದನ್ನು ತಪ್ಪೆನ್ನುವಂತೆಯೂ ಇರಲಿಲ್ಲ. ಪಕ್ಕದ ಮನೆಯ ತಿಪ್ಪಮ್ಮನನ್ನೂ ಅವಳ ಗಂಡ ಕರೆಯುವುದು ‘ಏ ಇವಳೇ’ ಅಂತಲೇ. ಆದರೆ ತಿಪ್ಪಮ್ಮನ ಹೆಸರು ರೇಷನ್ ಕಾರ್ಡಿನಲ್ಲಾದರೂ ಇತ್ತು.

ಪೆನ್ಸಿಲು ಹಿಡಿದು ಹೊರಗೆ ಬಂದರೆ ಅಂಗಳದಲ್ಲಿ ಜೀಪು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಪೆಟ್ರೋಲು ಕುಡಿದು ಕುಡಿದು ಮನೆಯವರ ಹೊಟ್ಟೆ ಉರಿಸಿದ್ದ ಹಳೆಯ ಇಂಜಿನನ್ನು ಎರಡು ತಿಂಗಳ ಕೆಳಗೆ ಇಳಿಸಿ, ದಾವಣಗೆರೆಯಲ್ಲಿ ಮುರಿಯಲು ಹಾಕಿದ್ದ ಒಂದು ವ್ಯಾನಿನ ಡೀಸೆಲ್ ಇಂಜಿನನ್ನು ತಂದು ಕೂರಿಸಿದ್ದರು. ಮೆಕ್ಯಾನಿಕ್ ಹಾಲಸ್ವಾಮಿ ಮಡ್ಗಾರ್ಡಿನ ಮೇಲೆ ಮೊಣಕೈ ಊರಿಕೊಂಡು ಅವಳನ್ನು ಕಂಡು ನಕ್ಕ. “ಅಕ್ಕಾರೇ, ಕೈ ಒರೆಸ್ಕಂಡು ಬರ್ರಿ. ನಂದು ಗ್ರೀಸಿನ ಕೈ, ನಿಮ್ಮ ಯಜಮಾನ್ರದು ನಡುಗೋ ಕೈ. ಎರಡು ಕಾಗದ ಕೆಟ್ವು. ಇನ್ನು ಇದೊಂದೇ ಉಳಿದೈತೆ.” ಇಂಜಿನ್ನಿನ ಮೈಮೇಲೆ ಕೊರೆದ ನಂಬರಿನ ಮೇಲೆ ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಬೆಳ್ಳಗೆ ಮೂಡಬೇಕು. ಆ ಅಚ್ಚನ್ನು ಅರ್ಜಿಗೆ ಅಂಟಿಸಿದರೇ ಗಾಡಿ ತಪಾಸಣೆಯ ಬ್ರೇಕ್ ಇನ್ಸ್‌ಪೆಕ್ಟರು ಆರ್.ಸಿ. ಪುಸ್ತಕದಲ್ಲಿ ಹಳೆಯ ನಂಬರು ಹೊಡೆದು ಹೊಸದನ್ನು ಬರೆಯುವುದು. ರುದ್ರಾಣಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಡೀಸೆಲ್ಲಿನ ವಾಸನೆ ಮೂಗಿಗೆ ಹೊಡೆಯಿತು. ಎಡಗೈ ಬೆರಳುಗಳಿಂದ ಕಾಗದವನ್ನು ಅಲುಗಾಡದ ಹಾಗೆ ಹಿಡಿದು, ಪೆನ್ಸಿಲನ್ನು ಮಲಗಿಸಿ, ಬಲು ಹಗುರವಾಗಿ ಅತ್ತಿಂದಿತ್ತ ಆಡಿಸಿದಳು. ನಾಲ್ಕು ಬಂತು, ಎಂಟು ಬಂತು, ಒಂದು, ಮತ್ತೆ ಎಂಟು, ಕೊನೆಗೆ ಎರಡು. ಏನೂ ಇಲ್ಲದ ಜಾಗದಿಂದ ಒಂದು ಗುರುತು ತಾನಾಗಿ ಮೇಲೆದ್ದು ಬರುವುದನ್ನು ನೋಡಿ ಅವಳಿಗೆ ಸಣ್ಣ ಹುಡುಗಿಯ ಹಾಗೆ ಖುಷಿಯಾಯಿತು. ಜಗಳೂರಿನ ಹೈಸ್ಕೂಲಿನಲ್ಲಿ ನಕ್ಷೆ ಬಿಡಿಸುವ ಕೆಲಸ ಯಾವಾಗಲೂ ಅವಳದೇ ಆಗಿತ್ತು. ‘ರುದ್ರಾಣಿ ಕೈಲಿ ಕೊಡ್ರೋ’ ಅನ್ನುತ್ತಿದ್ದರು ಮೇಷ್ಟ್ರು. ಕಾಗದವನ್ನು ಹಾಲಸ್ವಾಮಿಗೆ ಕೊಟ್ಟಾಗ ಅವನು ಬೆಳಕಿಗೆ ಹಿಡಿದು ನೋಡಿ, “ನೋಡಣ್ಣಾ, ಅಚ್ಚು ಹಾಕ್ಸಿದಂಗೈತೆ” ಅಂದ.

“ಬಿರ್ರನೆ ಸ್ನಾನ ಮಾಡಿ ಸೀರೆ ಉಟ್ಕ,” ಅಂದ ಬೆನಕಪ್ಪ. “ನೀನೂ ಹೊನ್ನಾಳಿಗೆ ಬರಬೇಕು.”

“ನಾನ್ಯಾಕ್ರೀ?”

“ಇಂಜಿನ್ ಬದಲಿ ಅಂದ್ರೆ ಓನರ್ ಖುದ್ದಾಗಿ ಬರಬೇಕಂತೆ. ಹೊಸ ಸಾಹೇಬ ಬಂದಾನೆ, ಮೈಸೂರು ಕಡೆಯೋನು, ಕಾಗದ ಕಳಿಸಿದ್ರೆ ಮುಟ್ಟಲ್ಲಂತೆ.”

“ಓನರ್ ಯಾರು?” ಅವಳ ಬಾಯಿಂದ ತಾನಾಗಿ ಬಂದುಬಿಟ್ಟಿತು.

ಹಾಲಸ್ವಾಮಿ ಇಂಜಿನ್ನಿನೊಳಗೆ ಏನೋ ಬಿದ್ದಿದೆ ಅನ್ನುವಂತೆ ತಲೆ ಬಗ್ಗಿಸಿದ. ಬೆನಕಪ್ಪನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. “ಇವತ್ತು ಏನು ಹೊಸದಾಗಿ ಕೇಳ್ತೀಯಲ್ಲ! ಕಲ್ಲಮ್ಮ. ನೀನೇ ಅಲ್ಲೇನು?”

ಅವಳು ಒಳಗೆ ಬಂದಾಗ ಹೆಂಚಿನ ಮೇಲಿದ್ದ ರೊಟ್ಟಿ ಕರಕಾಗಿತ್ತು.

ಕಲ್ಲಮ್ಮ ಬೆನಕಪ್ಪನ ಮೊದಲ ಹೆಂಡತಿ. ಸತ್ತು ಒಂಬತ್ತು ವರ್ಷವಾಗಿತ್ತು. ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಹತ್ತಿರದ ಹಳ್ಳಿಯವಳು. ಅವಳ ಅಪ್ಪ ಅಳಿಯನಿಗೆ ಜೀಪು ಕೊಡಿಸುವಾಗ, ಅಳಿಯನ ಕೈಗೆ ನೇರ ಕೊಡುವುದು ಬೇಡವೆಂದು ಮಗಳ ಹೆಸರಿಗೆ ಮಾಡಿಸಿದ್ದ. ಅವಳು ಹೋದ ಮೇಲೆ ಹೆಸರು ಬದಲಿಸಲು ಹೊರಟರೆ ಅವಳ ಅಣ್ಣ ಮರುಳಪ್ಪ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಮಕ್ಕಳಿಲ್ಲದೆ ಸತ್ತ ತಂಗಿಯ ಜೀಪು ತವರಿಗೆ ವಾಪಸು ಕೊಡು ಅನ್ನುತ್ತಾನೆ ಎಂದು ಬೆನಕಪ್ಪ ಆ ಸಾವನ್ನು ಯಾವ ಕಾಗದಕ್ಕೂ ಹತ್ತಿಸಲಿಲ್ಲ. ರುದ್ರಾಣಿ ಬಂದ ಎರಡನೆಯ ತಿಂಗಳಿಗೇ ರೋಡ್ ಟ್ಯಾಕ್ಸಿನ ಫಾರಂ ತಂದು ಮುಂದಿಟ್ಟು, ‘ನೀನು ಓದಿದೋಳು, ಇಲ್ಲೊಂದು ಕಲ್ಲಮ್ಮ ಅಂತ ಬರಿ’ ಅಂದಿದ್ದ. ಹೊಸ ಹೆಂಡತಿ. ಗಂಡನಿಗೆ ತನ್ನ ಅಕ್ಷರ ಬೇಕಾಯಿತಲ್ಲ ಎಂಬ ಹಿಗ್ಗಿನಲ್ಲಿ ಅವಳು ಲ ಒತ್ತನ್ನೂ ಮ ಒತ್ತನ್ನೂ ದುಂಡಗೆ ತಿದ್ದಿ ತಿದ್ದಿ ಬರೆದುಕೊಟ್ಟಿದ್ದಳು. ಆ ಹಿಗ್ಗನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ. ಆಮೇಲೆ ಮೂರು ತಿಂಗಳಿಗೊಂದು ಸಲ ಕಲ್ಲಮ್ಮ. ರೇಷನ್ ಕಾರ್ಡಿನಲ್ಲಿ ಕಲ್ಲಮ್ಮ. ಹೆಸರು ತೆಗೆಸಿ ಹೆಸರು ಸೇರಿಸುವುದು ಯಾಕೆ, ತಲೆ ಲೆಕ್ಕಕ್ಕೆ ಸರಿಹೋಯಿತಲ್ಲ. ಚುನಾವಣೆ ಬಂದಾಗ ಕಲ್ಲಮ್ಮನ ಓಟು. ಅವಳ ಬೆರಳಿಗೆ ಮಸಿ ಹಚ್ಚಿದ ಶಾಲೆಯ ಮೇಷ್ಟ್ರಿಗೂ ಗೊತ್ತು, ಏಜೆಂಟರಿಗೂ ಗೊತ್ತು. ಯಾರೂ ತಲೆ ಎತ್ತಲಿಲ್ಲ. ಊರಿಗೆ ಊರೇ ಒಪ್ಪಿಕೊಂಡ ಸುಳ್ಳು ಅದು, ಯಾರ ಮನೆಯನ್ನೂ ಕೆಡಿಸದ್ದು. ಮಗಳು ದಾಕ್ಷಾಯಣಿ ಹುಟ್ಟಿದಾಗ, ಬಾಣಂತಿ ಇನ್ನೂ ಕಣ್ಣು ಬಿಡುವ ಮೊದಲೇ ಬೆನಕಪ್ಪ ಹೋಗಿ ಜನನ ಬರೆಸಿ ಬಂದಿದ್ದ. ತಾಯಿಯ ಹೆಸರು ಕಲ್ಲಮ್ಮ. “ರೇಷನ್ ಕಾರ್ಡಿನಾಗೆ ಹೆಂಗೈತೋ ಹಂಗೇ ಬರೆಸಿದೆ, ನಾಳೆ ತಕರಾರು ಬೇಡ ಅಂತ,” ಎಂದು ಬುದ್ಧಿವಂತಿಕೆಯ ಕೆಲಸ ಮಾಡಿಬಂದವನಂತೆ ಹೇಳಿದ್ದ. ಅವತ್ತು ಅವಳು ಮಗುವನ್ನು ಎದೆಗೆ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಜಗಳ ಆಡಬಹುದಿತ್ತು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಅಂದಾರು ಎಂದು ನಾಚಿಕೆಯಾಯಿತು.

ಸೀರೆ ಯಾವುದು ಎಂದು ಪೆಟ್ಟಿಗೆ ತೆರೆದಾಗ ಅವನೇ ಬಾಗಿಲಿಗೆ ಬಂದು, “ಹಸಿರುದ್ದು ಉಟ್ಕ, ದೊಡ್ಡೋಳಂಗೆ ಕಾಣ್ತೀಯ,” ಅಂದ. ದೊಡ್ಡವಳಂತೆ ಕಾಣಬೇಕಾದದ್ದು ಸರಿಯೇ. ಕಲ್ಲಮ್ಮ ಇದ್ದಿದ್ದರೆ ಅವಳಿಗಿಂತ ಎಂಟು ವರ್ಷ ದೊಡ್ಡವಳು. ಹಸಿರು ಸೀರೆ ಹೋದ ವರ್ಷ ಹಿರಿಯರ ಹಬ್ಬದಲ್ಲಿ ಕಲ್ಲಮ್ಮನ ಹೆಸರಿನಲ್ಲಿ ಎಡೆಯ ಮುಂದೆ ಇಟ್ಟದ್ದು. ಇಟ್ಟ ಮಾರನೆಯ ದಿನ ಎರಡನೆಯವಳು ಅದನ್ನು ಉಡಬೇಕು, ಉಟ್ಟು ಅವಳ ಮನಸ್ಸು ತಣಿಸಬೇಕು. ಕೊರಳಲ್ಲಿ ತಾಳಿಯ ಪಕ್ಕಕ್ಕೆ ಎರಡು ಪುಟ್ಟ ಪಾದ ಮೂಡಿಸಿದ ಬೆಳ್ಳಿಯ ಬಿಲ್ಲೆ. ಮದುವೆಯ ದಿನ ತಾಳಿಗಿಂತ ಮೊದಲು ಕಟ್ಟಿದ್ದು ಅದನ್ನೇ. ಸವತಿಗೆ ಮೊದಲ ಮರ್ಯಾದೆ. ಇವೆಲ್ಲ ರುದ್ರಾಣಿಗೆ ಕಷ್ಟವೆನಿಸಿರಲಿಲ್ಲ. ಮಧ್ಯಾಹ್ನ ಒಬ್ಬಳೇ ಇರುವಾಗ ಆ ಬಿಲ್ಲೆಯನ್ನು ಬೆರಳಲ್ಲಿ ಉಜ್ಜುತ್ತ, ಕಂಡಿಲ್ಲದ ಆ ಹೆಂಗಸಿನ ಜೊತೆ ಏನೇನೋ ಮಾತಾಡಿಕೊಂಡದ್ದೂ ಉಂಟು. ಎಡೆಯಲ್ಲಿ, ಕೊರಳಲ್ಲಿ ಕಲ್ಲಮ್ಮ ಸತ್ತವಳಾಗಿ ಇದ್ದಳು, ಅವಳ ಜಾಗ ಅವಳಿಗಿತ್ತು. ಕಾಗದದಲ್ಲಿ ಮಾತ್ರ ಅವಳು ಸಾಯದೆ ಕೂತಿದ್ದಳು.

ದಾಕ್ಷಾಯಣಿಯನ್ನು ತಿಪ್ಪಮ್ಮನ ಮನೆಯಲ್ಲಿ ಬಿಟ್ಟು ಹೊರಟರು. ಮುಂದೆ ಬೆನಕಪ್ಪ, ಹಾಲಸ್ವಾಮಿ. ಹಿಂದಿನ ಅಡ್ಡ ಸೀಟಿನಲ್ಲಿ ಓನರು. ಹೊಸ ಇಂಜಿನ್ನು ಹಳೆಯ ಮೈಯನ್ನು ಅಡಿಯಿಂದ ಮುಡಿಯವರೆಗೆ ನಡುಗಿಸುತ್ತಿತ್ತು. ಬೆನಕಪ್ಪ ಹಿಂದಕ್ಕೆ ತಿರುಗಿ ತಿರುಗಿ ಪಾಠ ಹೇಳಿದ. “ಹೆಸರು ಕೇಳಿದ್ರೆ?”

“ಕಲ್ಲಮ್ಮ.”

“ವಯಸ್ಸು?”

“ಮೂವತ್ತೆಂಟು.”

“ಇಂಜಿನ್ ಯಾಕೆ ಬದಲಿ ಮಾಡ್ಸಿದ್ರಿ ಅಂದ್ರೆ?”

“ನಮ್ಮ ಯಜಮಾನ್ರನ್ನ ಕೇಳ್ರಿ ಅಂತೀನಿ.”

“ಶಾಭಾಷ್! ಅಷ್ಟು ಸಾಕು,” ಅಂದ ಬೆನಕಪ್ಪ. ಹಾಲಸ್ವಾಮಿ, “ಅಣ್ಣಾ, ಅಕ್ಕಾರನ್ನ ನಾಟಕದ ಕಂಪನಿಗೆ ಕಳಿಸ್ಬೌದು ಬಿಡು,” ಎಂದು ನಕ್ಕ. ಅವಳೂ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ರಸ್ತೆಬದಿಯ ಭತ್ತದ ಗದ್ದೆಗಳು, ಎಮ್ಮೆಗಳು, ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡವರು ಎಲ್ಲವೂ ಹಿಂದಕ್ಕೆ ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೂತವರಿಗೆ ಬರುವುದು ಕಾಣುವುದಿಲ್ಲ, ಬಿಟ್ಟು ಬಂದದ್ದು ಮಾತ್ರ.

ಹೊನ್ನಾಳಿಯ ಸರ್ಕಾರಿ ಬಂಗಲೆಯ ಆವರಣದಲ್ಲಿ ತಿಂಗಳಿಗೊಂದು ಸಲ ಇನ್ಸ್‌ಪೆಕ್ಟರ ಕ್ಯಾಂಪು. ಲಾರಿ, ಟ್ರ್ಯಾಕ್ಟರು, ಮೋಟಾರ್ ಸೈಕಲ್ಲುಗಳ ನಡುವೆ ಗಂಡಸರೇ ಗಂಡಸರು. ಹುಣಸೆಮರದ ಕೆಳಗೆ ಮೇಜು ಹಾಕಿ ಇನ್ಸ್‌ಪೆಕ್ಟರು ಕೂತಿದ್ದರು, ಪಕ್ಕದಲ್ಲಿ ಗುಮಾಸ್ತ. ಅವಳಿಗಿಂತ ಮುಂದೆ ಬಿಳಿ ಟೋಪಿಯ ಒಬ್ಬ ರೈತ ಟ್ರ್ಯಾಕ್ಟರಿನ ಪುಸ್ತಕ ಹಿಡಿದು ನಿಂತಿದ್ದ. ಅವನ ಅಪ್ಪ ತೀರಿಕೊಂಡಿದ್ದನಂತೆ. “ಹಂಗೇ ಬಾಯಲ್ಲಿ ಹೇಳಿದ್ರೆ ಆಗೋದಿಲ್ಲಪ್ಪ,” ಅನ್ನುತ್ತಿದ್ದರು ಇನ್ಸ್‌ಪೆಕ್ಟರು. “ಸತ್ತಿದ್ದು ರಿಜಿಸ್ಟರ್ ಆಗಿರ್ಬೇಕು. ಆಗಿಲ್ಲ ಅಂದ್ರೆ ತಾಲ್ಲೂಕು ಆಫೀಸಿಗೆ ಹೋಗಿ ಅರ್ಜಿ ಕೊಡು, ಎಂದು ಸತ್ತರು, ಎಲ್ಲಿ ಸತ್ತರು, ನೋಡಿದವರು ಯಾರು ಅಂತ ಬರೆದು. ಅವರು ವಿಚಾರಣೆ ಮಾಡಿ ಸರ್ಟಿಫಿಕೇಟ್ ಕೊಡ್ತಾರೆ. ಅಲ್ಲೀವರೆಗೆ ನನ್ನ ಲೆಕ್ಕದಲ್ಲಿ ನಿಮ್ಮಪ್ಪ ಬದುಕೇ ಇದಾರೆ.” ಸುತ್ತಲಿದ್ದವರು ನಕ್ಕರು. ರೈತನೂ ಪೆಚ್ಚಾಗಿ ನಕ್ಕ. ರುದ್ರಾಣಿಗೆ ಮಾತ್ರ ಆ ಮಾತು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಇವರ ಲೆಕ್ಕದಲ್ಲಿ ಕಲ್ಲಮ್ಮ ಬದುಕೇ ಇದ್ದಾಳೆ. ಮೊದಲ ಹೆಂಡತಿ ಬದುಕಿರುವಾಗ ಕಟ್ಟಿಸಿಕೊಂಡ ತಾಳಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅದು ಅವಳಿಗೆ ಗೊತ್ತಿತ್ತು. ಎಲ್ಲೋ ಪತ್ರಿಕೆಯಲ್ಲಿ ಓದಿದ್ದಳು, ಬೇರೆ ಯಾರದೋ ಸಂಸಾರದ ಕತೆ ಎಂದು ಪುಟ ಮಗುಚಿದ್ದಳು. ಹಾಗಿದ್ದರೆ ಮೂರು ತಿಂಗಳಿಗೊಂದು ಸಲ, ಲ ಒತ್ತು ಮ ಒತ್ತು ದುಂಡಗೆ ತಿದ್ದಿ, ತಾನು ಈ ಮನೆಗೆ ಯಾರೂ ಅಲ್ಲ ಎಂದು ತಾನೇ ಬರೆದುಕೊಡುತ್ತ ಬಂದದ್ದೇ? ನಾಳೆ ಇವನಿಗೇನಾದರೂ ಆದರೆ ದಾಕ್ಷಾಯಣಿ ಕಲ್ಲಮ್ಮನ ಮಗಳು. ತಾನು ರೊಟ್ಟಿ ಸುಡುವ ಹೆಂಗಸು.

“ಕಲ್ಲಮ್ಮ ಕೋಂ ಬೆನಕಪ್ಪ!” ಗುಮಾಸ್ತ ಕೂಗಿದ. ಕೋಂ ಅಂದರೆ ಹೆಂಡತಿ, ಕಾಗದದ ಭಾಷೆಯಲ್ಲಿ.

ಅವಳು ಕದಲಲಿಲ್ಲ. ನಿಜಕ್ಕೂ ಯಾರೋ ಎದ್ದು ಹೋಗುತ್ತಾರೆಂದು ಒಂದು ಗಳಿಗೆ ಕಾದಳು. ಬೆನಕಪ್ಪ ಮೊಣಕೈಯಿಂದ ತಿವಿದ.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯನಂತೆ ಕಂಡರು. ಹೆಂಗಸೆಂದು ಕುರ್ಚಿ ತರಿಸಿದರು. “ಏನಮ್ಮ ಹೆಸರು?”

“ಕಲ್ಲಮ್ಮ.” ನೀರು ಕುಡಿದಷ್ಟು ಸಲೀಸಾಗಿ ಬಂತು.

“ಯಜಮಾನರ ಹೆಸರು?”

ಅವಳ ನಾಲಗೆ ಎದ್ದು ಅಂಗುಳಕ್ಕೆ ಅಂಟಿಕೊಂಡಿತು. ಇದನ್ನು ಯಾರೂ ಪಾಠ ಮಾಡಿಸಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದನ್ನು ಅವಳು ನಂಬುತ್ತಿರಲಿಲ್ಲ, ಆದರೂ ಹೇಳಿಯೂ ಗೊತ್ತಿರಲಿಲ್ಲ. ಅವಳು ತಲೆ ತಗ್ಗಿಸಿದಳು. ಮುಖ ಕೆಂಪಾಗಿದ್ದು ಅವಳಿಗೇ ಗೊತ್ತಾಗುತ್ತಿತ್ತು. ಯಾರೋ ಹಿಂದಿನಿಂದ, “ಒಗಟು ಹಾಕಿ ಹೇಳ್ರಿ ಅಕ್ಕಾ!” ಅಂದರು. ಗದ್ದಲ, ನಗು. ಇನ್ಸ್‌ಪೆಕ್ಟರೂ ನಕ್ಕು ಗುಮಾಸ್ತನ ಕಡೆ ತಿರುಗಿದರು. “ಬಿಡಯ್ಯ, ಬರಕೋ. ಇದಕ್ಕಿಂತ ಸಾಕ್ಷಿ ಬೇಕೇನು? ಅಸಲಿ ಹೆಂಡತೀನೇ.” ಬೆನಕಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಗುಮಾಸ್ತ ಅರ್ಜಿಯನ್ನು ಮುಂದೆ ತಳ್ಳಿ ಗೆರೆಯ ಮೇಲೆ ಬೆರಳಿಟ್ಟ. ಅವಳು ರೂಢಿಯಂತೆ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಜಿಲ್ಲಾ ಕಚೇರಿಯಿಂದ ತಂದಿದ್ದ ಹಳೆಯ ಕಡತ ಮಗುಚುತ್ತಿದ್ದ ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿ, “ಪೆನ್ನು ಯಾಕಮ್ಮ? ಇಲ್ಲಿ, ಗಾಡಿ ರಿಜಿಸ್ಟರ್ ಮಾಡಿಸಿದಾಗ ಹೆಬ್ಬೆಟ್ಟು ಒತ್ತಿದೀರಲ್ಲ?” ಅಂದರು. ಮೇಜಿನ ಮೇಲೆ ಕಡತ ತೆರೆದಿತ್ತು. ಹಳದಿಯಾದ ಹಾಳೆಯ ಅಡಿಯಲ್ಲಿ ನೇರಳೆ ಬಣ್ಣದ ಒಂದು ಹೆಬ್ಬೆಟ್ಟು, ನಡುವಿನಲ್ಲಿ ಸುಳಿ. ಒಬ್ಬಳು ಹೆಂಗಸು ಉಸಿರಾಡುತ್ತಿದ್ದಳು, ಅವಳ ಕೈಗೆ ಬೆವರು ಬರುತ್ತಿತ್ತು ಎಂಬುದಕ್ಕೆ ರುದ್ರಾಣಿ ಕಂಡ ಮೊದಲ ಗುರುತು ಅದು. ಎಂಟು ವರ್ಷ ತಾನು ದುಂಡಗೆ ತಿದ್ದಿದ ಹೆಸರನ್ನು ಆ ಹೆಂಗಸು ಒಂದು ಸಲವೂ ಬರೆದಿರಲಿಲ್ಲ.

ಬೆನಕಪ್ಪ ಒಂದೇ ಹೆಜ್ಜೆಗೆ ಮುಂದೆ ಬಂದ. “ಹೆಬ್ಬೆಟ್ಟೇ ಸಾರ್, ಹೆಬ್ಬೆಟ್ಟೇ. ಆಕೆಗೆ ಅಕ್ಷರ ಎಲ್ಲಿ ಬರ್ತಾವೆ? ಪೆನ್ನು ನನಗೆ ಕೊಡಾಕೆ ತಗಂಡ್ಲು ಅಷ್ಟೆ.” ಅವನು ಅವಳ ಬೆರಳುಗಳ ನಡುವಿನಿಂದ ಪೆನ್ನನ್ನು ಮೆಲ್ಲಗೆ, ಮಗುವಿನ ಕೈಯಿಂದ ಚೂರಿ ತೆಗೆಯುವವನಂತೆ, ತೆಗೆದುಕೊಂಡ.

ಅಕ್ಷರ ಬಾರದವಳೆಂದಾದ ಮೇಲೆ ಇನ್ಸ್‌ಪೆಕ್ಟರ ದನಿಯೇ ಬದಲಾಯಿತು. ದೊಡ್ಡದಾಗಿ, ನಿಧಾನವಾಗಿ, ಕಿವುಡರಿಗೆ ಹೇಳುವಂತೆ. “ನೋಡೀಮ್ಮಾ. ಇದು ಅರ್ಜಿ. ನಿಮ್ಮ ಗಾಡಿಗೆ ಮೊದಲು ಪೆಟ್ರೋಲ್ ಇಂಜಿನ್ ಇತ್ತು. ಈಗ ಡೀಸೆಲ್ ಇಂಜಿನ್ ಹಾಕಿದೀರಿ. ಅರ್ಥ ಆಯ್ತಾ?” ಅವಳು ತಲೆಯಾಡಿಸಿದಳು. “ಸುಮ್ಮನೆ ತಲೆ ಆಡಿಸಬಾರದು, ಕೇಳಿ ಒತ್ತಬೇಕು. ಓದು ಬರದೆ ಇದ್ದರೆ ಜನ ಮೋಸ ಮಾಡ್ತಾರೆ.” ಅವರು ಹೇಳುತ್ತಿದ್ದಂತೆ ಗುಮಾಸ್ತ ಆರ್.ಸಿ. ಪುಸ್ತಕದಲ್ಲಿ ಹಳೆಯ ನಂಬರಿಗೆ ಕೆಂಪು ಗೆರೆ ಎಳೆದು ಹೊಸದನ್ನು ಬರೆಯುತ್ತಿದ್ದ. ತಲೆಕೆಳಗಾಗಿಯೂ ಅವಳು ಓದಬಲ್ಲಳು. ನಾಲ್ಕು, ಎಂಟು, ಒಂದು, ಮೂರು, ಎರಡು. ಮೂರು ಅಲ್ಲ, ಎಂಟು. ಬೆಳಿಗ್ಗೆ ಅವಳ ಪೆನ್ಸಿಲಿನಡಿ ಎದ್ದುಬಂದ ಎರಡನೆಯ ಎಂಟಿನ ಎಡಮಗ್ಗುಲು ಹಾಳಾಗಿಹೋಗಿತ್ತು ಗುಮಾಸ್ತನ ಕೈಯಲ್ಲಿ. ಅವಳು ಬಾಯಿ ತೆರೆದಳು. ಬೆನಕಪ್ಪ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಅದನ್ನು ಕಂಡೇ ಅವಳು ಬಾಯಿ ಮುಚ್ಚಿಕೊಂಡಳು. ಅಕ್ಷರ ಬಾರದವಳು ಅಂಕಿ ಹೇಗೆ ಓದಿಯಾಳು? ಗುಮಾಸ್ತ ಅವಳ ಎಡಗೈ ಹೆಬ್ಬೆಟ್ಟನ್ನು ಮಸಿಯ ದಿಂಬಿಗೆ ಒತ್ತಿ, ಎತ್ತಿ, ಕಾಗದಕ್ಕೆ ಒತ್ತಿದ. ಪಕ್ಕದಲ್ಲಿ ಬರೆದ: ಕಲ್ಲಮ್ಮ ಕೋಂ ಬೆನಕಪ್ಪ ಇವರ ಗುರುತು. ಎರಡು ಹೆಬ್ಬೆಟ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಇನ್ಸ್‌ಪೆಕ್ಟರು ರುಜು ಹಾಕಿ ಸೀಲು ಬಡಿದರು. ಇಲ್ಲದ ಇಂಜಿನ್ನು, ಇಲ್ಲದ ಒಡತಿ. ಪುಸ್ತಕ ಪಕ್ಕಾ ಆಯಿತು.

ಕೈ ತೊಳೆಯಲು ಬಂಗಲೆಯ ಹಿಂದಿನ ನಲ್ಲಿಗೆ ಹೋದಳು. ಅಲ್ಲಿ ಮುದುಕಿಯೊಬ್ಬಳು ಪೊರಕೆ ಗೋಡೆಗೆ ಒರಗಿಸಿ ಕೊಡಕ್ಕೆ ನೀರು ಹಿಡಿಯುತ್ತಿದ್ದಳು. ಬಂಗಲೆ ಗುಡಿಸುವ ಉಚ್ಚಂಗೆಮ್ಮ. ಕೊಡ ಸರಿಸಿ ಜಾಗ ಬಿಟ್ಟು, ದೂರ ನಿಂತು, ರುದ್ರಾಣಿ ಹೆಬ್ಬೆಟ್ಟನ್ನು ಕಲ್ಲಿಗೆ ತಿಕ್ಕುವುದನ್ನೇ ನೋಡುತ್ತಿದ್ದಳು.

“ಸೀಗೆಪುಡಿ ಹಾಕಿದ್ರೂ ಹೋಗಲ್ಲ ತಾಯೀ ಅದು. ನಾಲ್ಕು ದಿನ ಇರ್ತೈತೆ.” ಆಮೇಲೆ ದನಿ ತಗ್ಗಿಸಿ, “ಆ ಗುಮಾಸ್ತ ಕೂಗಿದ್ದು ಕೇಳಿ ಗುಡಿಸೋದು ಬಿಟ್ಟು ಓಡಿಬಂದೆ, ಕಲ್ಲವ್ವ ಎಲ್ಲಿಂದ ಬಂದ್ಲಪ್ಪ ಅಂತ. ಕೊರಳಾಗೆ ಸವತಿ ಬಿಲ್ಲೆ ಹಾಕ್ಕಂಡು ಸವತಿ ಹೆಸರೇ ಹೇಳ್ತೀಯಲ್ಲವ್ವ.”

ರುದ್ರಾಣಿಯ ಕೈ ನಿಂತಿತು. ಸೆರಗೆಳೆದು ಬಿಲ್ಲೆ ಮುಚ್ಚಿಕೊಂಡಳು.

“ಹೆದರಬ್ಯಾಡ. ನಾನ್ಯಾರಿಗೆ ಹೇಳ್ಲಿ? ಯಾರು ಕೇಳ್ತಾರೆ ನನ್ನ?” ಅಂದಳು ಮುದುಕಿ. “ನಮ್ಮೂರ ಮಗಳು ಆಕೆ. ಅವರಪ್ಪನ ಹೊಲದಾಗೆ ಕಳೆ ತೆಗೆದೋಳು ನಾನು. ಈ ಗೇಟಿನ ಮುಂದೇ ಜೀವ ಬಿಟ್ಲು.”

“ಜ್ವರ ಬಂದು ಮನೇಲಿ ಹೋದ್ರು ಅಂತ...” ಅಂದಳು ರುದ್ರಾಣಿ.

“ಯಾವ ಜ್ವರ? ಬಸುರಿ. ಎಪ್ಪತ್ತೆರಡನೇ ಇಸವಿ ಎಲೆಕ್ಷನ್ನು, ಓಟು ಹಾಕೋ ದಿವಸ. ಎತ್ತಿನ ಗಾಡ್ಯಾಗೆ ಕರಕಂಡು ಬಂದ್ರು ನ್ಯಾಮತಿಯಿಂದ, ಆಸ್ಪತ್ರೆಗೆ ಅಂತ. ಇಲ್ಲಿಗೆ ಬರಾ ಹೊತ್ತಿಗೆ ಎತ್ತು ಮುಗ್ಗರಿಸ್ತು, ಗಾಡಿ ನಿಂತ್ಕಂತು. ಒಳಗೆ ಎಲೆಕ್ಷನ್ ಸಾಹೇಬ್ರ ಜೀಪು ಹತ್ತು ಇದ್ವು. ಆಕೆ ಜೀಪೂ ಅದರಾಗೆ ಬಾಡಿಗೆಗೆ ನಿಂತಿತ್ತು. ನಿಮ್ಮ ಯಜಮಾನ್ರು ಅದೋ ಆ ವರಾಂಡದಾಗೆ ಊಟಕ್ಕೆ ಕುಂತಿದ್ರು. ನಾನೇ ಓಡಿ ಬಂದು ಕರೆದೆ, ಹಿಂಗಾಗೈತೆ ಬರ್ರಿ ಸಾಹುಕಾರ್ರೇ ಅಂತ. ಕೈ ತೊಳ್ಕಂಡು ಬರ್ತೀನಿ ನಡಿ ಅಂದ್ರು.”

ಮುದುಕಿ ಕೊಡವನ್ನು ಮತ್ತೆ ನಲ್ಲಿಯ ಕೆಳಗೆ ಸರಿಸಿದಳು. ನಲ್ಲಿಯ ನೀರು ಕೊಡದ ಬಾಯಿ ತಪ್ಪಿ ಕಲ್ಲಿಗೆ ಬೀಳುತ್ತಿತ್ತು.

“ಆಮೇಲೆ?”

“ಆಮೇಲೇನು. ಕೈ ತೊಳ್ಕಂಡು ಬಂದ್ರು. ನನ್ನ ತೊಡೆ ಮ್ಯಾಲೆ ತಲೆ ಇತ್ತು ಆಕೆದು.” ಉಚ್ಚಂಗೆಮ್ಮ ಕೊಡ ಎತ್ತಿ ಸೊಂಟಕ್ಕಿಟ್ಟಳು. “ಯಾರೂ ಕೇಳ್ಲಿಲ್ಲ ನನ್ನ. ಕೇಳಿದ್ರೆ ಹೇಳ್ತಿದ್ದೆ.”

ವಾಪಸು ಬರುವಾಗ ಬೆನಕಪ್ಪ ಹಾಡಿನ ಲಯದಲ್ಲಿ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದ. ಗಂಡನ ಹೆಸರು ಕೇಳಿದಾಗ ಅವಳು ತಲೆ ತಗ್ಗಿಸಿದ್ದನ್ನು ಹಾಲಸ್ವಾಮಿಗೆ ಮೂರು ಸಲ ಹೇಳಿದ. “ಅಸಲಿ ಹೆಂಡತೀನೇ ಅಂದ್ಬಿಟ್ನಲ್ಲೋ ಸಾಹೇಬ! ಇನ್ನ ಹತ್ತು ವರ್ಷ ಯಾವನೂ ಕೇಳಂಗಿಲ್ಲ.” ಅವನ ಕುತ್ತಿಗೆಯ ಹಿಂಭಾಗ ಅವಳಿಗೆ ಕಾಣುತ್ತಿತ್ತು: ಬಿಸಿಲಿಗೆ ಕಪ್ಪಾದ ಚರ್ಮ, ಕಾಲರಿನ ಕೆಳಗೆ ಬೆವರು. ಕೆಟ್ಟವನಲ್ಲ. ಮಗಳಿಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಊರೆಲ್ಲ ತಿರುಗಿದ್ದಾನೆ. ಅವಳ ಮೇಲೆ ಕೈ ಎತ್ತಿಲ್ಲ. ಅವನು ಏನೂ ಮಾಡಿಲ್ಲ, ಕೈ ತೊಳೆದುಕೊಂಡಿದ್ದಾನೆ, ಅಷ್ಟೆ. ಉಂಡ ಕೈಯನ್ನು ತೊಳೆಯುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಬೆರಳುಗಳ ಸಂದಿಯವರೆಗೆ ನೀಟಾಗಿ ತೊಳೆದು, ಪಂಚೆಗೆ ಒರೆಸಿಕೊಂಡು ಗೇಟಿನ ಕಡೆ ನಡೆದು ಬರುವ ಅವನನ್ನು ಅವಳು ಕಂಡಳು, ಆಗ ತಾನೂ ಅಲ್ಲೇ ನಿಂತಿದ್ದವಳ ಹಾಗೆ. ದಿನಾ ಊಟವಾದ ಮೇಲೆ ಅವನ ಕೈಗೆ ಚೊಂಬಿನಿಂದ ನೀರು ಹಾಕುವವಳು ಅವಳೇ. ಹೀಗೆ ಎಷ್ಟು ಸಾವಿರ ಸಲ ಹಾಕಿದ್ದೇನೆ ಎಂದುಕೊಂಡಳು.

ಅರ್ಜಿ ಹೇಗೆ ಬರೆಯಬೇಕೆಂಬುದು ಅವಳಿಗೆ ಇನ್ಸ್‌ಪೆಕ್ಟರ ಬಾಯಿಂದಲೇ ತಿಳಿದಿತ್ತು. ಎಂದು, ಎಲ್ಲಿ, ನೋಡಿದವರು ಯಾರು. ಮೂರೂ ಈಗ ಅವಳಲ್ಲಿದ್ದವು. ಓಟಿನ ದಿನವನ್ನು ಯಾರೂ ಮರೆಮಾಚಲಾರರು, ಅದು ಸರ್ಕಾರದ ಪುಸ್ತಕದಲ್ಲೇ ಇರುತ್ತದೆ. ಕೇಳಿದರೆ ಹೇಳುವವಳು ಬಂಗಲೆ ಗುಡಿಸುತ್ತಿದ್ದಾಳೆ. ಅರ್ಜಿ ಕೊಟ್ಟರೆ ಮರು ತಿಂಗಳೇ ಮರುಳಪ್ಪ ಬಂದು ನಿಲ್ಲಬಹುದು, ಜೀಪು ಹೋಗಬಹುದು, ಒಲೆ ಉರಿಯುವುದು ಜೀಪಿನಿಂದ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ಸತ್ತು ಒಂಬತ್ತು ವರ್ಷವಾದ ಹೆಂಗಸು ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ಹೆಬ್ಬೆಟ್ಟು ಒತ್ತಿದ್ದು ಹೇಗೆ ಎಂದು ಕೇಳುತ್ತಾರೆ. ಒತ್ತಿದವಳು ನಾನು ಎನ್ನಬೇಕಾಗುತ್ತದೆ. ಟ್ಯಾಕ್ಸಿನ ಫಾರಂಗಳು ನನ್ನವು, ಓಟು ನನ್ನದು ಎನ್ನಬೇಕಾಗುತ್ತದೆ. ಜೈಲೇ ಆಗಬಹುದೇನೋ, ಅವಳಿಗೆ ಗೊತ್ತಿರಲಿಲ್ಲ. ಇದನ್ನೆಲ್ಲ ಕಲ್ಲಮ್ಮನ ಆತ್ಮಕ್ಕೆ ಶಾಂತಿಯಾಗಲಿ ಎಂದು ಮಾಡುತ್ತಿದ್ದೇನೆ ಅಂದುಕೊಂಡರೆ ಅದೂ ಒಂದು ಸುಳ್ಳಾಗುತ್ತದೆ ಎಂದು ಅವಳಿಗೆ ಹೊಳೆಯಿತು. ಕಲ್ಲಮ್ಮನಿಗೆ ಸಾವು ಒಂದು ಸಲ ಆಗಿಹೋಗಿದೆ, ಇನ್ನೊಂದರಿಂದ ಅವಳಿಗೇನೂ ಸಿಗುವುದಿಲ್ಲ. ಬೇಕಾಗಿರುವುದು ತನಗೆ. ಆ ಹೆಂಗಸನ್ನು ಕಾಗದದಲ್ಲಿ ಸಾಯಿಸಿದ ಹೊರತು ಈ ಹೆಂಗಸು ಹುಟ್ಟುವಂತಿಲ್ಲ. ಇಷ್ಟು ಕಠಿಣವಾದ ಮಾತನ್ನು ತಾನು ಯೋಚಿಸಬಲ್ಲೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೆದರಿಕೆಯಾಯಿತು, ಆದರೆ ಆ ಹೆದರಿಕೆ ಬೇರೆ ಯಾರದೂ ಅಲ್ಲ, ತನ್ನದೇ ಅನ್ನಿಸಿತು.

“ಏನು, ಬಾಯೇ ಬಿಡ್ತಿಲ್ಲ?” ಬೆನಕಪ್ಪ ಕನ್ನಡಿಯಲ್ಲಿ ನೋಡಿ ಕೇಳಿದ. “ಸುಸ್ತಾತೇನು?”

“ಹೂಂ.”

“ಸಾಕಷ್ಟು ಬಿಸಿಲು ಐತೆ ಇವತ್ತು,” ಎಂದು ಅವನೇ ಸಮಾಧಾನ ಮಾಡಿಕೊಂಡ.

ಮಗಳನ್ನು ಬಿಟ್ಟು ತಾಲ್ಲೂಕು ಆಫೀಸಿಗೆ ಹೋಗಲು ತಿಪ್ಪಮ್ಮನಿಗೆ ಏನಾದರೊಂದು ನೆಪ ಹೇಳಿದರಾಯಿತು. ಗುರುವಾರ ಇವನು ಬಾಡಿಗೆಗೆ ಶಿವಮೊಗ್ಗಕ್ಕೆ ಹೋಗುತ್ತಾನೆ, ಬರುವುದು ಸಂಜೆ. ಅರ್ಜಿಯ ಮೊದಲ ಸಾಲಿನಲ್ಲೇ ತನ್ನ ಹೆಸರು ಬರೆಯಬೇಕು, ರುದ್ರಾಣಿ ಎಂದು, ಆಮೇಲೆ ಉಳಿದದ್ದು. ಜೀಪು ನ್ಯಾಮತಿಯ ಬಸ್ ನಿಲ್ದಾಣವನ್ನು ದಾಟುತ್ತಿತ್ತು. ಹೊನ್ನಾಳಿಗೆ ಬೆಳಗಿನ ಮೊದಲ ಬಸ್ಸು ಆರೂವರೆಗೋ ಏಳಕ್ಕೋ ಎಂದು ಅವಳಿಗೆ ನೆನಪಾಗಲಿಲ್ಲ. ಯಾರನ್ನೂ ಕೇಳುವುದು ಬೇಡ. ನಿಲ್ದಾಣದ ಗೋಡೆಯ ಹಲಗೆಯ ಮೇಲೆ ಬರೆದಿರುತ್ತದೆ, ನಾಳೆ ಸೊಪ್ಪು ತರಲು ಬಂದಾಗ ತಾನೇ ಓದಿಕೊಂಡರಾಯಿತು.